ಸೂಲಿಬೆಲೆಯ ಮಾತುಗಾರ

ಮದುವೆ ಮನೆಯಲ್ಲಿ ಪಕ್ಕದ ಎಲೆಗೆ ಕೂತವರು "ಯಾವ ಕಡೆಯವರು ತಾವು?" ಎಂದು ಕೇಳುವುದುಂಟು. "ಹೊಸಕೋಟೆ ತಾಲ್ಲೂಕು, ಸೂಲಿಬೆಲೆ ಕಡೆ" ಎನ್ನುತ್ತೇನೆ. ಇಪ್ಪತ್ತು ವರ್ಷದ ಹಿಂದೆ ಈ ಉತ್ತರದ ಬೆನ್ನಿಗೆ ಬರುತ್ತಿದ್ದ ಮಾತು "ರೇಷ್ಮೆ ಇದೆಯಾ?" ಅಥವಾ "ಬೋರ್‌ವೆಲ್‌ನಲ್ಲಿ ನೀರು ಹೇಗೆ?" ಎಂಬುದು. ಈಗ ಹಾಗಿಲ್ಲ. ಕೇಳಿದವರ ಮುಖ ಒಂದೋ ಅರಳುತ್ತದೆ, ಇಲ್ಲವೇ ಹುಬ್ಬು ಗಂಟಿಕ್ಕುತ್ತದೆ. "ಓಹೋ, ಚಕ್ರವರ್ತಿಯವರ ಊರು!" ಎನ್ನುವವರು ಒಂದು ಬಗೆ. "ಅಯ್ಯೋ, ಆ ಭಾಷಣಕಾರರ ಊರಾ?" ಎನ್ನುವವರು ಇನ್ನೊಂದು ಬಗೆ. ಇಬ್ಬರೂ ನನ್ನಿಂದ ತಮ್ಮ ಕಡೆಯ ಒಂದು ಮಾತನ್ನು ನಿರೀಕ್ಷಿಸುತ್ತಾರೆ. ನಾನು ಅನ್ನಕ್ಕೆ ಸಾರು ಕಲೆಸಿಕೊಳ್ಳುತ್ತ ಮಾತು ತೇಲಿಸಿಬಿಡುತ್ತೇನೆ.

ಮೂವತ್ತು ವರ್ಷ ಮಕ್ಕಳಿಗೆ ಕನ್ನಡ ಕಲಿಸಿದವಳು ಹೀಗೆ ಮಾತು ತೇಲಿಸುವುದು ಸರಿಯಲ್ಲ ಎಂದು ಈಚೆಗೆ ಅನ್ನಿಸತೊಡಗಿದೆ. ಚಕ್ರವರ್ತಿ ಸೂಲಿಬೆಲೆಯವರನ್ನು ಹೊಗಳುವವರೂ ಬಯ್ಯುವವರೂ ಬೇಕಾದಷ್ಟಿದ್ದಾರೆ. ಅವರ ಮಾತನ್ನು ಮಾತಾಗಿ ತೂಗಿ ನೋಡಿದವರು ಕಡಿಮೆ. ಅದನ್ನೇ ಇಲ್ಲಿ ಮಾಡಲು ಯತ್ನಿಸುತ್ತೇನೆ. ನಡುವೆ ನನ್ನದೊಂದು ತಪ್ಪನ್ನೂ ಹೇಳಬೇಕಾಗಿ ಬರುತ್ತದೆ.

ಅವರು ಹುಟ್ಟಿದ್ದು 1980ರಲ್ಲಿ. ಮೂಲ ಕರಾವಳಿಯ ಹೊನ್ನಾವರದ ಕಡೆ, ಬೆಳೆದದ್ದು ಸೂಲಿಬೆಲೆಯಲ್ಲಿ. ಇಪ್ಪತ್ತರ ಹರೆಯದಲ್ಲಿ ರಾಜೀವ್ ದೀಕ್ಷಿತರ ಆಜಾದಿ ಬಚಾವೋ ಆಂದೋಲನದ ಸೆಳೆತಕ್ಕೆ ಸಿಕ್ಕರು. ಆಗ ಅವರ ಮಾತಿನ ಎದುರಾಳಿ ಪೆಪ್ಸಿ, ಕೋಕ್ ಮತ್ತು ವಿದೇಶಿ ಕಂಪನಿಗಳು. ಆಮೇಲೆ ದೇಶಭಕ್ತಿಗೀತೆಗಳ ನಡುನಡುವೆ ವ್ಯಾಖ್ಯಾನ ಹೇಳುವ 'ಜಾಗೋ ಭಾರತ್' ಕಾರ್ಯಕ್ರಮ, ವಿವೇಕಾನಂದ, ಭಗತ್ ಸಿಂಗ್, ಸಾವರ್ಕರರ ಮೇಲಿನ ಉಪನ್ಯಾಸ, ಅಂಕಣ, ಪುಸ್ತಕ. 2013ರಲ್ಲಿ ಮಂಗಳೂರಿನಲ್ಲಿ 'ನಮೋ ಬ್ರಿಗೇಡ್' ಹುಟ್ಟಿದಾಗ ಅದರ ಮುಂಚೂಣಿಯ ದನಿ ಇವರದು. ನರೇಂದ್ರ ಮೋದಿಯವರನ್ನು ಪ್ರಧಾನಿ ಮಾಡಬೇಕೆಂಬುದೇ ಅದರ ಗುರಿ. 2014ರಲ್ಲಿ ಆ ಗುರಿ ಕೈಗೂಡಿದ ಮೇಲೆ ಅದನ್ನು ಮುಚ್ಚಿ 'ಯುವಾ ಬ್ರಿಗೇಡ್' ಕಟ್ಟಿದರು.

ಅದೇ ಕಾಲದ ಇನ್ನೊಬ್ಬ ತರುಣ ಪ್ರತಾಪ ಸಿಂಹ. 'ಬೆತ್ತಲೆ ಜಗತ್ತು' ಅಂಕಣದಿಂದ ಮನೆಮಾತಾಗಿ, 2014 ಮತ್ತು 2019ರಲ್ಲಿ ಮೈಸೂರಿನಿಂದ ಗೆದ್ದು ಲೋಕಸಭೆಗೆ ಹೋದರು. 2024ರಲ್ಲಿ ಅವರಿಗೆ ಟಿಕೆಟ್ ತಪ್ಪಿತು. ಅದೇ ಚುನಾವಣೆಯ ಹೊತ್ತಿಗೆ ಉತ್ತರ ಕನ್ನಡಕ್ಕೆ ಸೂಲಿಬೆಲೆಯವರ ಹೆಸರು ಗಾಳಿಯಲ್ಲಿ ಓಡಾಡಿ, ಟಿಕೆಟ್ ಕಾಗೇರಿಯವರ ಪಾಲಾಯಿತು. ಒಬ್ಬರು ಅಧಿಕಾರದ ಮೆಟ್ಟಿಲು ಹತ್ತಿ ಇಳಿದರು, ಇನ್ನೊಬ್ಬರು ಮೈಕಿನ ಮುಂದೆಯೇ ಉಳಿದರು.

ಮೈಕು ಅವರಿಗೆ ಒಲಿದಿದೆ ಎಂಬುದನ್ನು ಅವರ ವಿರೋಧಿಗಳೂ ಒಪ್ಪಬೇಕು. ಕೈಯಲ್ಲಿ ಚೀಟಿಯಿಲ್ಲದೆ ಗಂಟೆಗಟ್ಟಲೆ ಮಾತಾಡುತ್ತಾರೆ. ಇಸವಿಗಳು, ಹೆಸರುಗಳು, ಊರುಗಳು ಒಂದರ ಹಿಂದೊಂದು ಬರುತ್ತವೆ. ದನಿ ಮೊದಲು ಮನೆಯವರೊಡನೆ ಆಡುವಷ್ಟು ಮೆತ್ತಗಿರುತ್ತದೆ. ಹುತಾತ್ಮನ ಪ್ರಸಂಗ ಬರುವ ಹೊತ್ತಿಗೆ ಏರುತ್ತದೆ. ಏರಿದ ಮೇಲೆ ಒಂದು ಗಳಿಗೆ ನಿಲ್ಲುತ್ತದೆ. ಆ ನಿಲುಗಡೆಯಲ್ಲೇ ಚಪ್ಪಾಳೆ. ಹರಿಕಥೆ ಕೇಳಿ ಬೆಳೆದ ನನ್ನಂಥವಳಿಗೆ ಈ ಏರಿಳಿತ ಪರಿಚಿತ. ದಾಸರು ಪ್ರಹ್ಲಾದನ ಕಥೆಯನ್ನು ಹೀಗೇ ಹೇಳುತ್ತಿದ್ದರು. ಕಂಬ ಒಡೆಯುವ ಮುನ್ನ ಒಂದು ಮೌನ ಇರುತ್ತಿತ್ತು.

ಇದು ಬರೀ ಮಾತಿನ ಸಂಘಟನೆಯೂ ಅಲ್ಲ. ಯುವಾ ಬ್ರಿಗೇಡಿನ ಹುಡುಗರು ಹಳೆಯ ಕಲ್ಯಾಣಿಗಳಿಗಿಳಿದು ಹೂಳು ಎತ್ತಿದ್ದಾರೆ, ನದಿಯ ದಂಡೆಗಳಲ್ಲಿ ಕಸ ಹೆಕ್ಕಿದ್ದಾರೆ. ಭಾನುವಾರ ಬೆಳಿಗ್ಗೆ ಹಾಸಿಗೆ ಬಿಟ್ಟೇಳದ ವಯಸ್ಸಿನ ಹುಡುಗರನ್ನು ಮೊಣಕಾಲುದ್ದದ ಕೆಸರಿಗೆ ಇಳಿಸುವುದು ಸುಲಭವಲ್ಲ. ಶಾಲೆಯ ಕೈತೋಟಕ್ಕೆ ಒಂದು ಬಿಂದಿಗೆ ನೀರು ಹಾಕಿಸಲು ನಾನು ಪಡುವ ಪಾಡು ನನಗೆ ಗೊತ್ತು.

ಇಷ್ಟು ಸಲ್ಲಬೇಕಾದ್ದನ್ನು ಸಲ್ಲಿಸಿ ಈಗ ತಕರಾರಿಗೆ ಬರುತ್ತೇನೆ.

ಅವರ ಒಂದು ಪುಸ್ತಕದ ಹೆಸರೇ ನೆಹರು ಪರದೆ ಸರಿದದ್ದನ್ನು ಹೇಳುತ್ತದೆ. ಪ್ರತಾಪ ಸಿಂಹರ ಅಂಕಣದ ಹೆಸರನ್ನೂ ಇದರ ಪಕ್ಕಕ್ಕಿಟ್ಟು ನೋಡಿ. ಒಂದರಲ್ಲಿ ಪರದೆ ಸರಿಯುತ್ತದೆ, ಇನ್ನೊಂದರಲ್ಲಿ ಜಗತ್ತೇ ಬೆತ್ತಲಾಗುತ್ತದೆ. ಆ ತಲೆಮಾರಿನ ಬರವಣಿಗೆಯ ಗುಟ್ಟು ಈ ಹೆಸರುಗಳಲ್ಲೇ ಇದೆ ಎನ್ನುವುದು ನನ್ನ ಅನಿಸಿಕೆ. ಚರಿತ್ರೆ ಎಂದರೆ ಬಚ್ಚಿಟ್ಟ ಗಂಟು. ಯಾರೋ ನಿಮ್ಮಿಂದ ಮುಚ್ಚಿಟ್ಟಿದ್ದರು. ಇಗೋ ನಾನು ಬಿಚ್ಚಿದೆ ಎಂಬ ಧಾಟಿ ಅದು. ಕೇಳುವವನಿಗೆ ಎರಡು ಸುಖ ಒಟ್ಟಿಗೆ ಸಿಗುತ್ತವೆ. ಇಷ್ಟು ದಿನ ಮೋಸ ಹೋದೆನೆಂಬ ಸಿಟ್ಟು ಒಂದು, ಇನ್ನು ಮೋಸ ಹೋಗಲಾರೆನೆಂಬ ಹೆಮ್ಮೆ ಮತ್ತೊಂದು. ಪರದೆ ಸರಿಸಿದವನ ಹಿಂದೆಯೂ ಇನ್ನೊಂದು ಪರದೆ ಇರಬಹುದಲ್ಲ ಎಂಬ ಅನುಮಾನಕ್ಕೆ ಅಲ್ಲಿ ಪುರಸೊತ್ತಿಲ್ಲ. ಬಚ್ಚಿಟ್ಟವರ ಸಾಲಿನಲ್ಲಿ ಪಾಠ ಹೇಳಿದ ಮೇಷ್ಟ್ರು, ಮೇಡಮ್ಮುಗಳೂ ಬರುತ್ತಾರೆ. ಹಾಗಾಗಿ ಇಂಥ ಭಾಷಣ ಕೇಳುವಾಗ ಕಟಕಟೆಯಲ್ಲಿ ನಾನೂ ನಿಂತಿದ್ದೇನೆ ಅನ್ನಿಸುತ್ತದೆ. ಆ ಆರೋಪ ಪೂರ್ತಿ ಸುಳ್ಳೂ ಅಲ್ಲ. ಅದನ್ನು ನಾನು ಕಂಡುಕೊಂಡದ್ದು ತರಗತಿಯಲ್ಲೇ.

2022ರಲ್ಲಿ ರೋಹಿತ್ ಚಕ್ರತೀರ್ಥರ ಸಮಿತಿ ಶಾಲಾ ಪಠ್ಯಗಳನ್ನು ಪರಿಷ್ಕರಿಸಿದ್ದು, ಅದಕ್ಕೆ ನಾಡಿನಲ್ಲೆದ್ದ ಗದ್ದಲ ಎಲ್ಲರಿಗೂ ನೆನಪಿದೆ. ದೇವನೂರ ಮಹಾದೇವರು ತಮ್ಮ ಪಾಠಕ್ಕೆ ಕೊಟ್ಟಿದ್ದ ಒಪ್ಪಿಗೆಯನ್ನೇ ಹಿಂದಕ್ಕೆ ಪಡೆದರು. ಜಿ. ರಾಮಕೃಷ್ಣರ ಭಗತ್ ಸಿಂಗ್ ಪಾಠವನ್ನು ತೆಗೆದರೆಂದು ಸುದ್ದಿ, ತೆಗೆದಿಲ್ಲವೆಂದು ಮಂತ್ರಿಗಳ ಸಮಜಾಯಿಷಿ. ಹತ್ತನೇ ತರಗತಿಯ ಕನ್ನಡಕ್ಕೆ ಹೊಸದಾಗಿ ಬಂದವುಗಳಲ್ಲಿ ಸೂಲಿಬೆಲೆಯವರ 'ತಾಯಿ ಭಾರತಿಯ ಅಮರಪುತ್ರರು' ಒಂದು. ಭಗತ್ ಸಿಂಗ್, ರಾಜಗುರು, ಸುಖದೇವರ ಬಲಿದಾನ ಅದರ ವಸ್ತು.

ನಮ್ಮ ಶಾಲೆಯ ಮಕ್ಕಳಿಗೆ ಖುಷಿಯೋ ಖುಷಿ. ಪುಸ್ತಕದೊಳಗೆ ನಮ್ಮ ತಾಲ್ಲೂಕಿನ ಊರ ಹೆಸರು! ನಾನೂ ಗಟ್ಟಿಯಾಗಿ ಓದಿ ಪಾಠ ಮಾಡಿದೆ. ಓದುತ್ತ ನನಗೆ ತಿಳಿದದ್ದು, ಇದು ಕಣ್ಣಿಗೆ ಬರೆದ ಗದ್ಯವಲ್ಲ, ಕಿವಿಗೆ ಬರೆದದ್ದು. ಸಭೆಯಲ್ಲಿ ಆ ದನಿ, ಆ ನಿಲುಗಡೆ ತುಂಬಿಕೊಡುವುದನ್ನು ಹಾಳೆ ತುಂಬಿಕೊಡದು. ಗದ್ಯದಲ್ಲಿ ಓದುಗ ನಿಂತು ಯೋಚಿಸಲು ಒಂದು ಜಗಲಿ ಬೇಕು. ಇಲ್ಲಿ ಜಗಲಿಯಿಲ್ಲ, ನೇರ ಗರ್ಭಗುಡಿಗೇ ಕರೆದೊಯ್ದು ಕೈ ಮುಗಿಸುತ್ತಾರೆ.

ಹಾಗಿದ್ದೂ ಒಬ್ಬ ಹುಡುಗ ನಿಂತ. ಕಡೆಯ ಬೆಂಚಿನವನು. ಮನೆಯಲ್ಲಿ ಎರಡೆಕರೆ ಹಿಪ್ಪುನೇರಳೆ.

"ಮಿಸ್, ಭಗತ್ ಸಿಂಗು ದೇವ್ರನ್ನ ನಂಬ್ತಿರ್ಲಿಲ್ವಂತೆ. ನಿಜಾನಾ? ಇದ್ರಾಗೆ ಬರ್ದೇ ಇಲ್ಲ."

ಎಂಥ ಒಳ್ಳೆಯ ಪ್ರಶ್ನೆ! ಭಗತ್ ಸಿಂಗ್ ತಾನೇಕೆ ನಾಸ್ತಿಕ ಎಂದು 1930ರಲ್ಲಿ ಜೈಲಿನಿಂದಲೇ ಬರೆದದ್ದನ್ನು ಆ ಮಕ್ಕಳಿಗೆ ಹೇಳಬಹುದಿತ್ತು. 1928ರಲ್ಲಿ 'ಕೀರ್ತಿ' ಪತ್ರಿಕೆಯಲ್ಲಿ ಕೋಮುಗಲಭೆಗಳನ್ನು ಖಂಡಿಸಿ, ಅದಕ್ಕೆ ಪತ್ರಿಕೆಗಳೂ ತುಪ್ಪ ಸುರಿಯುತ್ತಿವೆ ಎಂದು ಬೇಸರಪಟ್ಟು ಬರೆದದ್ದನ್ನು ಹೇಳಬಹುದಿತ್ತು. 1931ರ ಮಾರ್ಚ್ 23ರಂದು ನೇಣಿಗೇರುವಾಗ ಅವನಿಗಿನ್ನೂ 23 ವರ್ಷ, ಅಷ್ಟರೊಳಗೆ ಓದಿ ಗುರುತು ಹಾಕಿಕೊಂಡ ಪುಸ್ತಕಗಳ ರಾಶಿ ಎಷ್ಟಿತ್ತು ಎಂದು ಹೇಳಬಹುದಿತ್ತು. ಅವನೂ ತನ್ನ ಕಾಲದ ಒಬ್ಬ ತರುಣ ಪತ್ರಕರ್ತ, ಪ್ರಶ್ನೆ ಕೇಳುತ್ತಲೇ ದೇಶವನ್ನು ಪ್ರೀತಿಸಿದವನು.

ನಾನು ಹೇಳಲಿಲ್ಲ. ಆ ವರ್ಷ ಪಠ್ಯದ ವಿಷಯವೆಂದರೆ ಸ್ಟಾಫ್ ರೂಮಿನಲ್ಲೂ ಪಿಸುಮಾತು. ಯಾವ ಮಗು ಮನೆಗೆ ಹೋಗಿ ಏನು ಹೇಳುತ್ತದೋ, ಯಾರು ಬಂದು ಯಾವ ಅರ್ಜಿ ಕೊಡುತ್ತಾರೋ ಎಂಬ ಅಳುಕು. "ಅದೆಲ್ಲ ಪರೀಕ್ಷೆಗೆ ಬರಲ್ಲ, ಕೂತ್ಕೋಪ್ಪ" ಅಂದೆ. ಅವನು ಕೂತ. ಬೋರ್ಡಿನ ಮೇಲೆ ಬಿಟ್ಟಸ್ಥಳ ತುಂಬುವ ಐದು ಪ್ರಶ್ನೆ ಬರೆದು ಗಂಟೆ ಮುಗಿಸಿದೆ.

ಮರುವರ್ಷ ಸರ್ಕಾರ ಬದಲಾಯಿತು. 2023ರ ಜೂನ್ ತಿಂಗಳ ಸಂಪುಟ ಸಭೆಯಲ್ಲಿ ಹೆಡಗೇವಾರ್, ಸಾವರ್ಕರ್ ಕುರಿತ ಪಾಠಗಳ ಜೊತೆ ಸೂಲಿಬೆಲೆಯವರ ಪಾಠವನ್ನೂ ಕೈಬಿಡಲು ತೀರ್ಮಾನವಾಯಿತು. ಆದರೆ ಪುಸ್ತಕ ಆಗಲೇ ಅಚ್ಚಾಗಿತ್ತು. ಹಾಗಾಗಿ ಪಾಠ ಪುಸ್ತಕದಲ್ಲಿತ್ತು, ಪಾಠ ಮಾಡುವಂತಿರಲಿಲ್ಲ. "ಈ ಪಾಠ ಬಿಡಿ" ಎಂದು ನಾನು ಹೇಳಿದ ದಿನ ಮಧ್ಯಾಹ್ನದ ಊಟದ ಹೊತ್ತಿನಲ್ಲಿ ಮಕ್ಕಳು ಬೇವಿನ ಮರದ ಕೆಳಗೆ ಗುಂಪು ಕೂತು ಏನನ್ನೋ ಓದುತ್ತಿದ್ದರು. ಮಾಮೂಲಿ ದಿನಗಳಲ್ಲಿ ಓದಿ ಎಂದರೆ ಆಕಳಿಸುವವರು. ಹತ್ತಿರ ಹೋಗಿ ನೋಡಿದರೆ ಅದೇ ಪಾಠ! ಅಷ್ಟು ಶ್ರದ್ಧೆಯಿಂದ ಯಾವ ಪಾಠವನ್ನೂ ಅವರು ಓದಿದ್ದನ್ನು ನಾನು ಕಂಡಿಲ್ಲ. ಅಲ್ಲಿಯೂ ಪರದೆ ಸರಿದಿತ್ತು. ಈ ಸಲ ಪರದೆ ಕಟ್ಟಿದವರು ಸರ್ಕಾರದವರು, ಕಟ್ಟಲು ಗೂಟ ಹಿಡಿದವಳು ನಾನು.

2024ರ ಫೆಬ್ರವರಿಯ ಕೊನೆಯಲ್ಲಿ ಕಲಬುರಗಿಯ ಜಿಲ್ಲಾಡಳಿತ ಅವರಿಗೆ ಜಿಲ್ಲೆಯೊಳಗೆ ಪ್ರವೇಶ ನಿರ್ಬಂಧಿಸಿದಾಗಲೂ ನಡೆದದ್ದು ಇದೇ. ಹೈಕೋರ್ಟು ಆ ಆದೇಶಕ್ಕೆ ತಡೆ ಕೊಟ್ಟಿತು, ಸಭೆಗೆ ಬರುವವರ ಕುತೂಹಲ ಇಮ್ಮಡಿಯಾಯಿತು. ಪಾಠ ಸೇರಿಸಿದವರು ಮಕ್ಕಳು ಇದನ್ನು ನಂಬಲಿ ಎಂದು ಬಯಸಿದರು. ತೆಗೆದವರು ಮಕ್ಕಳು ಇದನ್ನು ನಂಬದಿರಲಿ ಎಂದು ಬಯಸಿದರು. ಮಕ್ಕಳು ಇದನ್ನು ಓದಿ, ಪಕ್ಕದಲ್ಲಿ ಇನ್ನೊಂದನ್ನಿಟ್ಟು ಹೋಲಿಸಲಿ ಎಂದು ಬಯಸಬೇಕಾಗಿದ್ದವರು ಮೇಷ್ಟ್ರುಗಳು. ನಾವು ಸುತ್ತೋಲೆಗೆ ಕಾದು ಕೂತಿದ್ದೆವು.

ಇಂಥವರು ಸಂಪ್ರದಾಯವಾದಿಗಳಾದ್ದರಿಂದಲೇ ಹೀಗೆ ಎಂದು ಕೆಲವರು ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಊರಿನ ಹೆಸರನ್ನು ತನ್ನ ಹೆಸರಿಗೆ ಕಟ್ಟಿಕೊಂಡು ರಾಜಕೀಯ ಬರೆದವರು ನಮ್ಮ ಸೀಮೆಗೆ ಹೊಸಬರಲ್ಲ. ಸೂಲಿಬೆಲೆಯಿಂದ ದೇವನಹಳ್ಳಿಗೆ ಬಸ್ಸಿನಲ್ಲಿ ಹತ್ತಿರದ ದಾರಿ. ಆ ದೇವನಹಳ್ಳಿಯನ್ನು ಹೆಸರಿನ ಮೊದಲಕ್ಷರವಾಗಿ ಹೊತ್ತವರು ಡಿ.ವಿ.ಜಿ. ಅವರೂ ಹಳೆಯದರಲ್ಲಿ ಶ್ರದ್ಧೆಯುಳ್ಳವರು, ಧರ್ಮ, ವೇದಾಂತ ಬಲ್ಲವರು, ದಿಢೀರ್ ಬದಲಾವಣೆಯನ್ನು ಅನುಮಾನದಿಂದ ನೋಡಿದವರು. 1913ರಲ್ಲಿ, ಇನ್ನೂ 26ರ ಹರೆಯದಲ್ಲಿ, 'ಕರ್ಣಾಟಕ' ಪತ್ರಿಕೆ ಆರಂಭಿಸಿ ದಿವಾನರ ಆಡಳಿತವನ್ನು ವಿಮರ್ಶಿಸುತ್ತಿದ್ದರು. ವಿಶ್ವೇಶ್ವರಯ್ಯನವರ ಮೇಲೆ ಗೌರವವಿದ್ದೂ ಅವರ ಆಡಳಿತದ ತಪ್ಪು ಕಂಡಾಗ ಹೇಳುವ ಸ್ವಾತಂತ್ರ್ಯ ಉಳಿಸಿಕೊಂಡರು. 1945ರಲ್ಲಿ ಅವರು ಕಟ್ಟಿದ ಸಂಸ್ಥೆಗೆ ಇಟ್ಟದ್ದು ಗೋಖಲೆಯವರ ಹೆಸರು. ಎದುರಾಳಿಯ ವಾದವನ್ನು ಪೂರ್ತಿ ಕೇಳಿ ಉತ್ತರಿಸಿದ ಮಿತವಾದಿ ಗೋಖಲೆ. ಅಲ್ಲಿ ಬಂದವರಿಗೆ ಸಿಗುತ್ತಿದ್ದುದು ಅಧ್ಯಯನಗೋಷ್ಠಿ, ಪುಸ್ತಕ, ಚರ್ಚೆ. ಡಿ.ವಿ.ಜಿ.ಯವರಿಗೆ ಇಂದಿನ ಮಟ್ಟದ ಜನಸಾಗರ ಸೇರುತ್ತಿರಲಿಲ್ಲ ಎಂಬುದೂ ನಿಜವೇ. ನೂರು ಮಂದಿಗೆ ಸಲ್ಲುವ ಮಾತು ಬೇರೆ, ಹತ್ತು ಸಾವಿರ ಮಂದಿಗೆ ಸಲ್ಲುವ ಮಾತು ಬೇರೆ. ಆದರೂ ಹಳೆಯದನ್ನು ಪ್ರೀತಿಸುವವನು ಕೇಳುಗನಿಗೆ ಅನುಮಾನಿಸುವ ಹಕ್ಕು ಬಿಟ್ಟುಕೊಡಬಲ್ಲ ಎಂಬುದಕ್ಕೆ ನಮ್ಮ ಪಕ್ಕದ ಊರಿನ ಹೆಸರೇ ಸಾಕ್ಷಿ.

ಸೂಲಿಬೆಲೆಯವರಲ್ಲಿ ಆ ಗುಣ ಇಲ್ಲವೇ ಇಲ್ಲ ಎನ್ನಲೂ ಆಗದು. 2019ರ ಆಗಸ್ಟಿನಲ್ಲಿ ಉತ್ತರ ಕರ್ನಾಟಕ, ಮಲೆನಾಡು ನೆರೆಯಲ್ಲಿ ಮುಳುಗಿದವು. ರಾಜ್ಯದ 28 ಲೋಕಸಭಾ ಸ್ಥಾನಗಳಲ್ಲಿ 25 ಬಿಜೆಪಿಯದು, ದೆಹಲಿಯಲ್ಲೂ ಬೆಂಗಳೂರಿನಲ್ಲೂ ಅದೇ ಪಕ್ಷ, ಆದರೂ ಪರಿಹಾರ ಬರಲಿಲ್ಲ. ಆಗ ಸೂಲಿಬೆಲೆಯವರು ಯಾರಿಗೆ ಓಟು ಕೇಳಿದ್ದರೋ ಅವರನ್ನೇ ಬಹಿರಂಗವಾಗಿ ತರಾಟೆಗೆ ತೆಗೆದುಕೊಂಡರು. ಕೇಂದ್ರ ಸಚಿವರಾಗಿದ್ದ ಡಿ.ವಿ. ಸದಾನಂದಗೌಡರು ಇವರ ಮೇಲೆ ಮುನಿದರು, ಅಭಿಮಾನಿಗಳಲ್ಲೇ ಕೆಲವರು ತಿರುಗಿಬಿದ್ದರು. ಅಕ್ಟೋಬರಿನಲ್ಲಿ ಕೇಂದ್ರ ಮಧ್ಯಂತರ ಪರಿಹಾರವೆಂದು 1,200 ಕೋಟಿ ರೂಪಾಯಿ ಬಿಡುಗಡೆ ಮಾಡಿತು. ನನ್ನ ಲೆಕ್ಕದಲ್ಲಿ ಅವರ ಸಾರ್ವಜನಿಕ ಬದುಕಿನ ಅತ್ಯುತ್ತಮ ದಿನಗಳು ಅವು. ಅಂದು ಅವರ ಮಾತಿನಲ್ಲಿ ದೇಶವೆಂದರೆ ನಕ್ಷೆಯಾಗಿರಲಿಲ್ಲ, ಗೋಡೆ ಬಿದ್ದ ಮನೆಯಾಗಿತ್ತು. ಆದರೆ ಅವರನ್ನು ಆಲಿಸಿ ಬೆಳೆದ ಕೆಲವರೇ ಅಂದು ಅವರ ಪ್ರಶ್ನೆಯನ್ನು ದ್ರೋಹವೆಂದು ಬಗೆದರಲ್ಲ, ಅದನ್ನು ಅವರು ಕೂತು ಯೋಚಿಸಿದ್ದರೆ ಚೆನ್ನಿತ್ತು. ಚಪ್ಪಾಳೆ ತಟ್ಟುವುದನ್ನಷ್ಟೇ ಕಲಿಸಿದ ಕೈಗಳು ಪ್ರಶ್ನೆ ಬಂದಾಗ ಕಲ್ಲನ್ನೇ ಎತ್ತಿಕೊಳ್ಳುತ್ತವೆ.

ಬಿದ್ದ ಮನೆಯಂಥ ಕಣ್ಣೆದುರಿನ ಸಂಗತಿಗಳಿಗೆ ಈ ಬಗೆಯ ಭಾಷಣದಲ್ಲಿ ಜಾಗ ಕಡಿಮೆ. ನಮ್ಮ ಸೀಮೆಯನ್ನೇ ನೋಡಿ. ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯಲ್ಲಿ 1,777 ಎಕರೆ ಭೂಸ್ವಾಧೀನದ ವಿರುದ್ಧ ರೈತರು 2022ರಿಂದ ಮೂರು ವರ್ಷಕ್ಕೂ ಮಿಕ್ಕಿ ಧರಣಿ ಕೂತರು. ಒಂದು ಪಕ್ಷದ ಸರ್ಕಾರದಲ್ಲಿ ಶುರುವಾದ ಧರಣಿ ಇನ್ನೊಂದು ಪಕ್ಷದ ಸರ್ಕಾರದಲ್ಲೂ ಮುಂದುವರಿದು, 2025ರ ಜುಲೈನಲ್ಲಿ ಸ್ವಾಧೀನ ಕೈಬಿಟ್ಟ ಮೇಲೆ ಮುಗಿಯಿತು. ತಾಯ್ನೆಲ ಎಂಬ ಮಾತಿಗೆ ಇದಕ್ಕಿಂತ ಅರ್ಥ ಬೇಕೆ? ಹಿಂದೆ ವಿದೇಶಿ ಕಂಪನಿಗಳ ವಿರುದ್ಧ ಗುಡುಗುತ್ತಿದ್ದ ಕಂಠದಲ್ಲಿ ಇಂಥ ಮಣ್ಣಿನ ಸುದ್ದಿ ಮುಂಚೂಣಿಗೆ ಬಂದಿದ್ದರೆ ಎಂದು ನಾನು ಆಸೆಪಟ್ಟದ್ದುಂಟು. ದೇವನಹಳ್ಳಿಯಲ್ಲೇ ಟಿಪ್ಪು ಹುಟ್ಟಿದ್ದು. ಮಕ್ಕಳು "ಟಿಪ್ಪು ಒಳ್ಳೇವ್ನಾ ಕೆಟ್ಟೋನಾ ಮಿಸ್?" ಎಂದು ಕೇಳುತ್ತಾರೆ. ರಾಜನೊಬ್ಬ ಒಂದೇ ಬದುಕಿನಲ್ಲಿ ರೇಷ್ಮೆಯನ್ನೂ ತರಬಲ್ಲ, ಕತ್ತಿಯನ್ನೂ ತರಬಲ್ಲ ಎಂದು ಹೇಳಲು ನನಗೆ ಎರಡು ಪೀರಿಯಡ್ ಬೇಕು. ವೇದಿಕೆಯ ಮೇಲೆ ನಿಂತವರಿಗೆ, ಅವರು ಯಾವ ಪಂಗಡದವರೇ ಆಗಲಿ, ಎರಡು ವಾಕ್ಯ ಸಾಕು.

ರೇಷ್ಮೆಯ ಮಾತು ಬಂತು. ನಮ್ಮಲ್ಲಿ ಸೊಪ್ಪು ಬೆಳೆದು ಹುಳು ಸಾಕುವವರು ಹೆಚ್ಚಾಗಿ ಗೌಡರು ಮತ್ತಿತರ ಹಿಂದೂ ಒಕ್ಕಲು ಮನೆಗಳವರು. ಚಂದ್ರಂಕಿಯಿಂದ ಬಿಡಿಸಿದ ಗೂಡು ವಿಜಯಪುರ, ಶಿಡ್ಲಘಟ್ಟದ ಮಾರುಕಟ್ಟೆಗೆ ಹೋದರೆ ಅಲ್ಲಿ ಕೊಂಡು ನೂಲು ತೆಗೆಯುವವರಲ್ಲಿ ಬಹುಪಾಲು ಮುಸ್ಲಿಮರು. ಗೂಡಿಗೆ ರೇಟು ಬಿದ್ದರೆ ಒಬ್ಬ ಅಳುತ್ತಾನೆ, ನೂಲಿಗೆ ರೇಟು ಬಿದ್ದರೆ ಇನ್ನೊಬ್ಬ. ಇಬ್ಬರ ಸಂಸಾರವೂ ಒಂದೇ ಎಳೆಯ ಮೇಲೆ ನಿಂತದ್ದು. ನಾನು ಕೂರಿಸಿದ್ದ ಆ ಹುಡುಗನ ಪಕ್ಕ ಕೂರುತ್ತಿದ್ದವನು ನೂಲು ತೆಗೆಯುವ ಮನೆಯ ಹುಡುಗ. ಒಂದೇ ಸೈಕಲ್ಲಿನಲ್ಲಿ ಬರುತ್ತಿದ್ದರು. ಕಾಲೇಜು ಸೇರಿದ ಮೇಲೆ ಇಬ್ಬರೂ ಮಾತು ಬಿಟ್ಟಿದ್ದಾರೆ ಎಂದು ಕೇಳಿದೆ. ಯಾಕೆಂದು ಇಬ್ಬರೂ ಹೇಳುವುದಿಲ್ಲ. ಇದಕ್ಕೆ ಯಾರೋ ಒಬ್ಬ ಭಾಷಣಕಾರರನ್ನು ಹೊಣೆ ಮಾಡಿದರೆ ನಾನು ಸುಲಭದ ದಾರಿ ಹಿಡಿದಂತೆ. ಅವನ ಫೋನಿನ ತುಂಬ ಈಗ ಹತ್ತಾರು ಜನರ ಭಾಷಣಗಳಿವೆ, ಅದರಲ್ಲಿ ಸೂಲಿಬೆಲೆಯವರದೂ ಇದೆ. ಆದರೆ ಅವೆಲ್ಲಕ್ಕಿಂತ ಮೊದಲು ಅವನೊಂದು ಪ್ರಶ್ನೆ ಹಿಡಿದು ಎದ್ದು ನಿಂತಿದ್ದ, ನಾನು ಕೂರಿಸಿದ್ದೆ. ನಾನು ಕೂರಿಸಿದ ಹುಡುಗನನ್ನು ಆ ಮಾತುಗಳು ಎಬ್ಬಿಸಿ ನಿಲ್ಲಿಸಿದವು. ಸಾಲಿನಲ್ಲಿ ನಿಲ್ಲಿಸಿದವು ಎಂಬುದು ನನ್ನ ತಕರಾರು. ಆದರೂ ನಿಲ್ಲಿಸಿದವು.

ಕಳೆದ ಯುಗಾದಿಗೆ ಅವನು ನನಗೆ ಒಂದು ಭಾಷಣದ ವಿಡಿಯೋ ಕಳಿಸಿದ, ಭಗತ್ ಸಿಂಗರ ಮೇಲಿನದು. ಕೆಳಗೆ "ಕೇಳಿ ಮಿಸ್, ಮೈ ಜುಮ್ ಅನ್ನುತ್ತೆ" ಎಂದು ಬರೆದಿದ್ದ. ಪೂರ್ತಿ ಕೇಳಿದೆ. ಸುಳ್ಳೇಕೆ, ನನಗೂ ಒಂದೆರಡು ಕಡೆ ಜುಮ್ ಅಂದಿತು. ಆಮೇಲೆ ಕನ್ನಡಕ ಹಾಕಿಕೊಂಡು, ಒಂದೊಂದೇ ಅಕ್ಷರ ಒತ್ತಿ ಬರೆದೆ: "ಚೆನ್ನಾಗಿದೆ ಕಣಪ್ಪ. ಹತ್ತನೇ ಕ್ಲಾಸಲ್ಲಿ ನೀನು ನನ್ನ ಒಂದು ಪ್ರಶ್ನೆ ಕೇಳಿದ್ದೆ. ನಾನು ಉತ್ತರ ಹೇಳದೆ ಕೂರಿಸಿದೆ, ತಪ್ಪು ನಂದು. ಅದಕ್ಕೆ ಉತ್ತರ ಈ ಭಾಷಣದಲ್ಲಿ ಸಿಕ್ತಾ?"

ಎರಡು ದಿನ ಏನೂ ಬರಲಿಲ್ಲ. ಮೂರನೆಯ ದಿನ ರಾತ್ರಿ ಬಂತು. "ಇಲ್ಲ ಮಿಸ್. ಆ ಪುಸ್ತಕ ನಿಮ್ಮತ್ರ ಇದ್ಯಾ?"

ಇದೆ ಎಂದೆ. ಭಾನುವಾರ ಬರುತ್ತೇನೆ ಎಂದಿದ್ದಾನೆ. ಸೈಕಲ್ಲಿನ ಆ ಇನ್ನೊಬ್ಬ ಹುಡುಗನ ನಂಬರೂ ನನ್ನ ಹತ್ತಿರ ಇದೆ. ಅವನಿಗೂ ಹೇಳೋಣವೇ ಎಂದು ಯೋಚಿಸುತ್ತಿದ್ದೇನೆ.